ಅಂಚು ಕಚ್ಚಿದ ತಟ್ಟೆ

ಕಪಾಟಿನಿಂದ ಪೆಟ್ಟಿಗೆ ಜಾರಿ ಚಾಪೆಯ ಮೇಲೆ ಬಿದ್ದಾಗ ಕಿನುವಿನ ಜೀವವೇ ಬಾಯಿಗೆ ಬಂತು. ಮದುವೆಯಾಗಿ ಪಿಂಗಾಣಿ ಮಾಡುವ ಅರಿತಾ ಊರಿಗೆ ಬಂದ ಮೇಲೆ ಅತ್ತೆ ತೋಮಿ ಮೊದಲ ಬಾರಿ ಮನೆಯನ್ನು ಅವಳಿಗೊಪ್ಪಿಸಿ ತಂಗಿಯ ಮನೆಗೆ ಹೋಗಿದ್ದರು. “ಹುಡುಗೀ, ಧೂಳು ಒರೆಸು. ಅಷ್ಟು ಸಾಕು” ಎಂದಿದ್ದರು. ಅವರು ಇನ್ನೂ ಅವಳ ಹೆಸರು ಹಿಡಿದು ಕರೆದವರಲ್ಲ.

ಪೆಟ್ಟಿಗೆಯಲ್ಲಿದ್ದುದು ಮಾವನ ಮುತ್ತಜ್ಜ ಪರದೇಶದವರಿಗೆಂದು ಮಾಡಿದ್ದ ಪಿಂಗಾಣಿ ತಟ್ಟೆ. ಅದರ ಹೊಗಳಿಕೆ ಕೇಳಿದ್ದಳೇ ಹೊರತು ಅವಳು ಅದನ್ನು ಕಂಡಿರಲಿಲ್ಲ. ಮುಚ್ಚಳ ತೆಗೆದಳು. ಕೆಂಪು, ನೀಲಿ, ಚಿನ್ನದ ಹೂಗಳೆಲ್ಲ ನೆಟ್ಟಗಿದ್ದವು. ಅಂಚಿನಲ್ಲಿ ಮಾತ್ರ ಯಾರೋ ಹಪ್ಪಳ ಕಚ್ಚಿದಂತೆ ಅರ್ಧಚಂದ್ರದಷ್ಟು ಮಾಯ!

ಅಳು ಕೇಳಿ ಪಕ್ಕದ ಮನೆಯ ಶಿಗೆ ಓಡಿಬಂದಳು.

“ಅಳಬೇಡ್ವೇ. ಕಣ್ಣು ಮಂಜಾಗೋವರೆಗೂ ಪಿಂಗಾಣಿಗೆ ಹೂ ಬರೆದ ಕೈ ಇದು. ಮೊದ್ಲು ತುಂಡು ಹುಡುಕು.”

ಚಾಪೆ ಎತ್ತಿದರು, ಒಲೆಯ ಬೂದಿ ಕೆದಕಿದರು. ತುಂಡಿಲ್ಲ.

“ನಿಮ್ಮ ಬೆಕ್ಕು ನುಂಗಿರಬೇಕು” ಎಂದು ಶಿಗೆ ಅದರ ಹೊಟ್ಟೆ ಅಮುಕಿ ನೋಡಿದಳು. ಬೆಕ್ಕು ಅವಮಾನದಿಂದ ಅಟ್ಟ ಸೇರಿತು.

“ಚಿಕ್ಕಮ್ಮ, ಒಡೆದ ಜಾಗ ಇಷ್ಟು ನುಣ್ಣಗಿದೆಯಲ್ಲ?”

“ಒಳ್ಳೇ ಮಾಲು ಕಣೇ, ಒಡೆಯೋದೂ ಅಂದವಾಗೇ!”

ಬಿಳಿ ಮಣ್ಣಿಗೆ ಅನ್ನದ ಅಂಟು ಕಲಸಿ ಶಿಗೆ ಅಂಚಿನ ಖಾಲಿ ಜಾಗ ತುಂಬಿದಳು. ಒಲೆಯ ಪಕ್ಕ ಒಣಗಿಸಿ ಹೂ ಬರೆದಳು. ಹೂವು ಸ್ವಲ್ಪ ಮೂಲಂಗಿಯಂತೆ ಬಂತು.

ಸಂಜೆ ತೋಮಿ ಬಂದವರೇ ಪೆಟ್ಟಿಗೆ ತೆರೆದರು. ಮೂಲಂಗಿ ಹೂವಿನ ಮೇಲೆ ಬೆರಳಾಡಿಸಿದರು. ಕಿನು ಮನಸ್ಸಿನಲ್ಲೇ ತವರಿಗೆ ಗಂಟು ಕಟ್ಟಿದಳು.

“ಅಂಚಿನ ಈ ಜಾಗ ಮುಚ್ಚಿದ್ದು ಯಾರು?”

“ನಾನೇ ಒಡೆದೆ, ಅತ್ತೆ...”

“ಒಡೆದ್ಯಾ? ಕ್ಷೌರದ ತಟ್ಟೆ ಕಣೇ ಇದು! ಗಡ್ಡದ ಕೆಳಗೆ ಹಿಡಿದಾಗ ಕುತ್ತಿಗೆ ಕೂರಲಿ ಅಂತ ಮುತ್ತಜ್ಜ ಬಿಟ್ಟ ಜಾಗ. ಪಾಪ, ಆ ಪರದೇಶದೋನು ಈಗ ಗಡ್ಡ ಎಲ್ಲಿಡಬೇಕು?”

ತೋಮಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಕಿನು ಅಳುತ್ತಲೇ ನಕ್ಕಳು. ನಗುತ್ತಲೇ ತೋಮಿ ತೇಪೆಯನ್ನು ಹಿಡಿದು ಮೀಟಿದರು.

ಟಕ್.

ತೇಪೆ ಬಂತು. ಜೊತೆಗೆ ಉಗುರಿನಷ್ಟು ನಿಜವಾದ ಅಂಚೂ ಬಂತು.

ನಗು ನಿಂತಿತು. ಹೊರಗೆ ಮಾವ ಚಪ್ಪಲಿ ಬಿಡುವ ಸದ್ದು. ತೋಮಿ ತಟ್ಟೆಯನ್ನು ಮಡಿಲಲ್ಲಿ ಬಚ್ಚಿಡಲು ನೋಡಿ, ಸೊಸೆಯ ಕೈ ಹಿಡಿದು ಪಿಸುಗುಟ್ಟಿದರು:

“ಕಿನು, ಹಿತ್ತಿಲಿಂದ ಓಡು. ಶಿಗೆ ಹತ್ರ ಅಂಟು ಉಳಿದಿದೆಯಾ ಕೇಳು.”

“ಮಾವ ಕೇಳಿದ್ರೆ?”

“ಬೆಕ್ಕು ಅನ್ನೋಣ.”