ಡ್ರ್ಯಾಗನ್ನಿಗೆ ದನಿ ಸಿಕ್ಕ ಪ್ರಸಂಗ

"ನನ್ನ ಕಣ್ಣು ತಪ್ಪಿಸಿ ಈ ಊರಲ್ಲಿ ಒಂದು ಬಿರುಕೂ ಬದುಕಿಲ್ಲ! ನಿನ್ನ ಗೇಮ್ ಯಾವ ಲೆಕ್ಕ? ಕೊಡು ಇಲ್ಲಿ!"

ಹೀಗೆಂದು ಕೊಂಕು ಸಾಹೇಬರು ಭಾಮೈದನ ಕೈಯಿಂದ ಕಂಟ್ರೋಲರ್ ಕಸಿದುಕೊಂಡರು. ಕೊಂಕು ಸಾಹೇಬರು ಎಂಬುದು ಕಚೇರಿಯವರು ಬೆನ್ನ ಹಿಂದೆ ಇಟ್ಟ ಹೆಸರು. ಹೊಸ ಕಟ್ಟಡಗಳ ಸುರಕ್ಷತೆ ಪರೀಕ್ಷಿಸುವುದು ಅವರ ಉದ್ಯೋಗ. ಮೊಸರಲ್ಲಿ ಕಲ್ಲು ಹುಡುಕುವವನಿಗೆ ಅದಕ್ಕೇ ಸಂಬಳವೂ ಸಿಗುವುದಾದರೆ ಅದಕ್ಕಿಂತ ಪುಣ್ಯ ಬೇಕೆ! ಅವರ ಪ್ರಕಾರ ಲೋಕದಲ್ಲಿರುವುದು ಎರಡೇ ಬಗೆಯ ಕಟ್ಟಡ: ಬಿದ್ದಿರುವುದು, ಇನ್ನೂ ಬೀಳದಿರುವುದು.

ಭಾಮೈದ, ಅಂದರೆ ಹೆಂಡತಿಯ ತಮ್ಮ, ಇದ್ದ ಕೆಲಸ ಬಿಟ್ಟು ಇವರ ಮನೆಯ ಮಹಡಿ ಕೋಣೆಯಲ್ಲಿ ಒಬ್ಬನೇ ಕೂತು ವರ್ಷಗಟ್ಟಲೆ ಈ ಗೇಮ್ ಕಟ್ಟಿದ್ದ. ಕತ್ತಿ ಹಿಡಿದ ವೀರ, ಮಾಟದ ಕಾಡು, ಹಾಳುಕೋಟೆ, ಕೊನೆಗೆ ಗುಹೆಯಲ್ಲಿ ಬೆಂಕಿಯುಗುಳುವ ಡ್ರ್ಯಾಗನ್. ಎಲ್ಲವೂ ಇತ್ತು. ಆದರೆ ಡ್ರ್ಯಾಗನ್ ಘರ್ಜಿಸಿದರೆ ಆಡುವವರು ಹೆದರುವ ಬದಲು ನಗುತ್ತಿದ್ದರು! ಹುಲಿ, ಗುಡುಗು, ಕೆಟ್ಟ ಲಾರಿ, ಅದರ ಬಾಯಿಗೆ ಯಾವ ಸದ್ದು ತುರುಕಿದರೂ ಅದೇ ನಗು. ಸೋಮವಾರ ಗೇಮ್ ಕಂಪನಿಯ ಇಬ್ಬರು ನೋಡಲು ಬರುವವರಿದ್ದರು. ಅವರೂ ನಕ್ಕರೆ ಗೇಮ್ ಮೂಲೆಗೆ, ಹುಡುಗ ಹಳೆಯ ಕೆಲಸಕ್ಕೆ.

"ಭಾವ, ಆಡ್ತಾ ಆಡ್ತಾ ಮನಸ್ಸಿಗೆ ಬಂದಿದ್ದನ್ನೆಲ್ಲ ಬಾಯಿಬಿಟ್ಟು ಹೇಳ್ತಾ ಹೋಗಿ. ರೆಕಾರ್ಡ್ ಆಗ್ತಿರುತ್ತೆ, ಆಮೇಲೆ ಕೇಳ್ಕೋತೀನಿ. ನನಗೆ ಗೊತ್ತಾಗಬೇಕಾಗಿರೋದು ಒಂದೇ. ಡ್ರ್ಯಾಗನ್ ಕಂಡ್ರೆ ಭಯ ಆಗುತ್ತೋ ಇಲ್ವೋ?"

"ಭಯಾನಾ? ನನಗಾ? ಹತ್ತನೇ ಮಹಡಿ ಸಾರುವೆ ಹಲಗೆ ಮೇಲೆ ನಿಂತು ಟೀ ಕುಡಿದವನು ಕಣೋ ನಾನು!"

ಶನಿವಾರ ಬೆಳಿಗ್ಗೆ ನಡುಮನೆಯ ಟೀವಿಗೆ ಗೇಮ್ ಜೋಡಿಸಿ, ಭಾವನ ಕಾಲರಿಗೆ ಮೈಕ್ ಸಿಕ್ಕಿಸಿ ಭಾಮೈದ ಮಹಡಿ ಹತ್ತಿದ. ವೀರ ಕಾಡು ದಾಟಿ ಒಂದು ಹಗ್ಗದ ಸೇತುವೆಯ ಮುಂದೆ ಬಂದು ನಿಂತ. ನಿಂತವನು ನಿಂತೇ ಇದ್ದ. ಅಡುಗೆಮನೆಯಿಂದ ಹೆಂಡತಿ ಇಣುಕಿದರು.

"ಯಾಕ್ರೀ, ಆಗಿನಿಂದ ಅಲ್ಲೇ ನಿಂತಿದ್ದೀರಲ್ಲ? ದಾಟಿ!"

"ಹೇಗೆ ದಾಟ್ಲಿ? ರೇಲಿಂಗ್ ಎಲ್ಲಿದೆ? ಎಷ್ಟು ಭಾರ ತಡೆಯುತ್ತೆ ಅನ್ನೋ ಬೋರ್ಡ್ ಎಲ್ಲಿದೆ?"

"ಅದು ಗೇಮ್ ಕಣ್ರೀ! ಬಿದ್ರೆ ಮತ್ತೆ ಹುಟ್ತಾನೆ!"

"ಮತ್ತೆ ಹುಟ್ತಾನೆ ಅಂತ ನಾನು ಸಹಿ ಹಾಕೋಕಾಗುತ್ತೇನೇ?"

"ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ! ನೆಗೆಯೋ ಬಟನ್ ಯಾವುದು ಅಂತ ಗೊತ್ತಿಲ್ಲ ಅನ್ನಿ!"

ಗೊತ್ತಿರಲಿಲ್ಲ. ಆಕೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಒಂದು ಬಟನ್ ಒತ್ತಿದರು. ವೀರ ಚಂಗನೆ ಆಚೆ ದಡದಲ್ಲಿದ್ದ.

"ಒಲೆ ಮೇಲೆ ಹಾಲಿಟ್ಟಿದ್ದೀನಿ. ನಾನು ಬಟ್ಟೆ ಒಣಹಾಕಿ ಬರ್ತೀನಿ. ಉಕ್ಕೋದ್ರೊಳಗೆ ಆರಿಸಿ. ಕೇಳಿಸ್ತಾ?"

"ಹೂಂ."

ಗಂಡಂದಿರ 'ಹೂಂ' ಹೊರಡುವುದು ಗಂಟಲಿನಿಂದ. ಅದಕ್ಕೂ ಕಿವಿಗೂ ಸಂಬಂಧವಿದೆ ಎಂದು ಇದುವರೆಗೆ ಯಾರೂ ಸಾಧಿಸಿ ತೋರಿಸಿಲ್ಲ. ಕೊಂಕು ಸಾಹೇಬರು ಆಗಲೇ ಕೋಟೆಯೊಳಗಿದ್ದರು. ಏನು ಹೇಳುವುದು ಆ ಕೋಟೆಯ ದುರವಸ್ಥೆ! ನೂರಾರು ಕೋಣೆ, ಒಂದು ಶೌಚಾಲಯವಿಲ್ಲ. ಮರದ ಪೀಪಾಯಿಗಳ ಪಕ್ಕದಲ್ಲೇ ಉರಿಯುವ ಪಂಜು. ಒಂದೊಂದು ಮೆಟ್ಟಿಲು ಒಂದೊಂದು ಎತ್ತರ. ಸಾಹೇಬರು ಮೈಕಿಗೆ ಗುಡುಗುತ್ತಾ, ಅಡ್ಡ ಬಂದ ಭೂತಗಳಿಗೆ ಬುದ್ಧಿ ಹೇಳುತ್ತಾ, ಹತ್ತಾರು ಸಲ ಸತ್ತು ಹುಟ್ಟುತ್ತಾ ಡ್ರ್ಯಾಗನ್ನಿನ ಗುಹೆ ತಲುಪಿದರು. ಡ್ರ್ಯಾಗನ್ ರೆಕ್ಕೆ ಬಿಚ್ಚಿ ಘರ್ಜಿಸಿತು.

"ಹ್ಹಹ್ಹಹ್ಹ! ಇದೇನೋ, ಹಳೇ ಮಿಕ್ಸಿ ಇದ್ದ ಹಾಗಿದೆ! ಇದಕ್ಕೆ ಹೆದರಬೇಕಾ? ನನಗೆ ಹೆದರಿಕೆ ಆಗ್ತಿರೋದು ಈ ಗುಹೆ ನೋಡಿ! ಬೆಂಕಿ ಉಗುಳೋ ಪ್ರಾಣಿ ಇಟ್ಕೊಂಡು ಒಂದೇ ಬಾಗಿಲಾ? ಬೆಂಕಿ ಅಂದ್ರೆ ಇಲ್ಲಿ ಯಾರಿಗೂ ಲಕ್ಷ್ಯವೇ ಇಲ್ಲ! ಆದ್ರೂ ಹೊಗೆ ಮಾತ್ರ ಭೇಷ್ ಕಣೋ! ಎಷ್ಟು ನಿಜವಾಗಿ ಮಾಡಿದ್ದೀಯ ಅಂದ್ರೆ, ವಾಸನೆ ಕೂಡ ಬರ್ತಿದೆ!"

ಆಗ ಬೆನ್ನ ಹಿಂದೆ, ಅಡುಗೆಮನೆಯ ಬಾಗಿಲಿನಿಂದ, ಮೆಲ್ಲಗೆ, ಬೆಣ್ಣೆಯಷ್ಟು ಮೆತ್ತಗೆ ಒಂದು ದನಿ ಬಂತು.

"ರೀ... ಒಂದ್ನಿಮಿಷ ಬರ್ತೀರಾ ಇಲ್ಲಿ?"

ಹೆಂಡತಿ ಕೂಗಾಡಿದರೆ ಸಾಹೇಬರಿಗೆ ಚಿಂತೆಯಿರಲಿಲ್ಲ. ಕೂಗು ಬಂದ ದಾರಿಯಲ್ಲೇ ಹೋಗುತ್ತದೆ. ಈ ಮೆತ್ತನೆಯ ದನಿ ಬಂದರೆ ಮಾತ್ರ ಉಳಿಗಾಲವಿಲ್ಲ. ಕಂಟ್ರೋಲರ್ ಕೆಳಗೆ ಬಿತ್ತು, ಕುರ್ಚಿ ಮಗುಚಿತು. ಅಡುಗೆಮನೆಯಲ್ಲಿ ಹಾಲು ಇರಲಿಲ್ಲ. ಪಾತ್ರೆಯೊಂದು ಇದ್ದಿಲಾಗಿ ಕೂತಿತ್ತು, ಸೂರು ಮೋಡ ಕವಿದಂತಾಗಿತ್ತು. ಊರ ಕಟ್ಟಡಗಳಿಗೆಲ್ಲ ಅಗ್ನಿಸುರಕ್ಷೆಯ ಪಾಠ ಹೇಳುವ ಮಹಾನುಭಾವರು ಸಂಜೆಯವರೆಗೆ ಏಣಿ ಹತ್ತಿ ಸೂರು ತಿಕ್ಕಿದರು.

ಇತ್ತ ರೆಕಾರ್ಡಿಂಗ್ ಕೇಳುತ್ತಿದ್ದ ಭಾಮೈದ ಮಹಡಿಯಿಂದ ದಡದಡ ಇಳಿದು ಬಂದ. ಏಣಿ ಹಿಡಿದುಕೊಳ್ಳಲು ಬಂದನೆಂದು ಸಾಹೇಬರು ತಿಳಿದರು. ಅವನು ಏಣಿಯ ಕಡೆ ತಿರುಗಿಯೂ ನೋಡಲಿಲ್ಲ.

"ಅಕ್ಕಾ, ಸ್ವಲ್ಪ ಮೇಲೆ ಬಾ. ತುಂಬಾ ಅರ್ಜೆಂಟು!"

ಭಾನುವಾರವಿಡೀ ಅಕ್ಕ ತಮ್ಮ ಬಾಗಿಲು ಹಾಕಿಕೊಂಡು ಕೂತರು. ನನ್ನ ಸಲಹೆಗಳನ್ನೆಲ್ಲ ಜಾರಿಗೆ ತರುತ್ತಿದ್ದಾರೆ, ಪಾಪ, ಎಂದು ಸಾಹೇಬರು ಮೀಸೆ ತಿರುವಿದರು.

ಸೋಮವಾರ ಕಂಪನಿಯವರು ಬಂದರು: ಒಬ್ಬ ಸಣಕಲು ತರುಣ, ಜೊತೆಗೆ ಹುಟ್ಟಿದಾಗಿನಿಂದ ನಗದಂತಿದ್ದ ದಪ್ಪ ಮ್ಯಾನೇಜರು. ಮಹಡಿ ಕೋಣೆಯಲ್ಲಿ ಮ್ಯಾನೇಜರು ಆಡಲು ಕೂತರು. ಸಾಹೇಬರು ಹಿಂದೆ ಕೈಕಟ್ಟಿ ನಿಂತರು. ಸೇತುವೆ ಬಂತು. ಅದಕ್ಕೆ ರೇಲಿಂಗ್ ಬಂದಿತ್ತು!

"ನನ್ನ ಸಲಹೆ," ಎಂದು ಸಾಹೇಬರು ಸಣಕಲು ತರುಣನ ಕಿವಿಯಲ್ಲಿ ಹೇಳಿದರು.

ಗುಹೆ ಬಂತು. ಭಾಮೈದ ಉಗುರು ಕಚ್ಚತೊಡಗಿದ. ಈ ಸಲ ಡ್ರ್ಯಾಗನ್ ಘರ್ಜಿಸಲಿಲ್ಲ, ಬೆಂಕಿಯನ್ನೂ ಉಗುಳಲಿಲ್ಲ. ಉದ್ದನೆಯ ಕತ್ತು ಬಗ್ಗಿಸಿ, ವೀರನ ಮುಖವನ್ನೇ ಒಂದು ಗಳಿಗೆ ನೋಡಿ, ಮೆತ್ತಗೆ ಕೇಳಿತು.

"ರೀ... ಒಂದ್ನಿಮಿಷ ಬರ್ತೀರಾ ಇಲ್ಲಿ?"

ಮ್ಯಾನೇಜರು ಕಂಟ್ರೋಲರ್ ಕೆಳಗಿಟ್ಟು ಎದ್ದು ನಿಂತರು. "ನಾ... ನಾನೇನು ಮಾಡ್ದೆ?" ಎಂದು ಅವರು ಡ್ರ್ಯಾಗನ್ನನ್ನೇ ಕೇಳಿಬಿಟ್ಟರು!

ಕೊಂಕು ಸಾಹೇಬರು ಆ ಹೊತ್ತಿಗೆ ಕೋಣೆಯಲ್ಲಿರಲಿಲ್ಲ. ರೇಲಿಂಗ್ ಹಿಡಿಯದೆ ಮೆಟ್ಟಿಲಿಳಿದು, ಅಡುಗೆಮನೆಗೆ ನುಗ್ಗಿ, ಹಚ್ಚದೇ ಇದ್ದ ಒಲೆಯನ್ನು ಆರಿಸುತ್ತಿದ್ದರು.

"ಏನಾಯ್ತ್ರೀ?" ಎಂದರು ತರಕಾರಿ ಹೆಚ್ಚುತ್ತಿದ್ದ ಹೆಂಡತಿ. "ನಾನು ಕರೀಲೇ ಇಲ್ವಲ್ಲ!"

ಮೇಲಿನಿಂದ ಮ್ಯಾನೇಜರ ನಗು ಮನೆ ತುಂಬ ಕೇಳಿಸಿತು. ಡ್ರ್ಯಾಗನ್ನನ್ನು ಕಂಡಲ್ಲ, ಅದಕ್ಕೆ ಹೆದರಿದ ತಮ್ಮನ್ನೇ ಕಂಡು ಬಂದ ನಗು ಅದು. ಗೇಮನ್ನು ಕಂಪನಿ ಒಪ್ಪಿಕೊಂಡಿತು. ಭಾಮೈದ ಅಕ್ಕನ ಕಾಲಿಗೆ ಬಿದ್ದು ಅತ್ತೇಬಿಟ್ಟ. ಅಕ್ಕನೂ ಕಣ್ಣೊರೆಸಿಕೊಂಡು, "ಎರಡನೇ ಸಲ ಹೇಳಿದ್ದು ಇನ್ನೂ ಮೆತ್ತಗಿತ್ತು, ಅದನ್ನೇ ಹಾಕಬೇಕಿತ್ತು ಕಣೋ," ಎಂದರು.

ಗೇಮ್ ಹೊರಬಂದ ದಿನ ಸಾಹೇಬರು ಕನ್ನಡಕ ಏರಿಸಿ ಟೀವಿಯ ಮುಂದೆ ಕೂತರು. ಕೊನೆಯಲ್ಲಿ ದುಡಿದವರ ಹೆಸರು ಬರುತ್ತದಲ್ಲ, ಅಲ್ಲಿ 'ಮುಖ್ಯ ಪರೀಕ್ಷಕರು' ಎಂದು ತಮ್ಮನ್ನು ಹಾಕಿರಬೇಕೆಂಬ ಆಸೆ. ಮೊದಲು ಬಂತು: 'ಡ್ರ್ಯಾಗನ್ನಿನ ದನಿ: ನಮ್ಮಕ್ಕ.' ಅದರ ಕೆಳಗೆ: 'ಭಯದ ಪರೀಕ್ಷೆ: ಡ್ರ್ಯಾಗನ್ನಿನ ಗಂಡ.'

ಸಾಹೇಬರು ತಕರಾರು ತೆಗೆಯಲು ಬಾಯಿ ತೆರೆದರು.

"ರೀ..." ಎಂದಿತು ಅಡುಗೆಮನೆ, ಮೆತ್ತಗೆ. "ಏನಾದ್ರೂ ತಪ್ಪಿದೆಯಾ ಅದರಲ್ಲಿ?"

"ಇಲ್ಲ ಇಲ್ಲ! ಎಲ್ಲ ಸರಿಯಾಗಿದೆ!" ಎಂದು ಸಾಹೇಬರು ತಮ್ಮ ಸೇವಾವಧಿಯಲ್ಲೇ ಮೊದಲ ಬಾರಿಗೆ ಒಂದು ಕೊಂಕೂ ತೆಗೆಯದೆ ಒಪ್ಪಿಗೆ ಕೊಟ್ಟು, ಹಾಲು ನೋಡಿಕೊಳ್ಳಲು ಎದ್ದು ಹೋದರು.