ಏಳೇ ಏಳು ಇಂಚು

ನನ್ನ ಹೆಂಡತಿಗೆ ಇರುವುದು ಒಬ್ಬಳೇ ಅಕ್ಕ. ಆ ಅಕ್ಕನ ಗಂಡ, ಅಂದರೆ ನನ್ನ ಏಕಮಾತ್ರ ಷಡ್ಡಕ, ನಿವೃತ್ತ ಇಂಜಿನಿಯರ್ ಆಗಿರಬೇಕೆ? ಷರ್ಟಿನ ಜೇಬಿನಲ್ಲಿ ಜನ ಪೆನ್ನು ಇಟ್ಟುಕೊಳ್ಳುತ್ತಾರೆ, ಇವರು ಅಳತೆ ಟೇಪು ಇಟ್ಟುಕೊಳ್ಳುತ್ತಾರೆ. ಯಾರ ಮನೆಗೆ ಹೋದರೂ ಮೊದಲು ಕಿಟಕಿ ಅಳೆಯುವುದು, ಆಮೇಲೆ ಯೋಗಕ್ಷೇಮ. ತಪ್ಪು ಸಿಕ್ಕಿದರೆ ಬೈಯುವುದಿಲ್ಲ, ‘ಹ್ಹ’ ಎಂದು ಮೂಗಿನಲ್ಲೇ ನಗುತ್ತಾರೆ. ಆ ನಗುವಿಗೆ ಹೆದರಿ ನಾನು ಹನ್ನೊಂದು ವರ್ಷ ಅವರನ್ನು ನಮ್ಮ ಹೊಸ ಮನೆಗೆ ಕರೆದಿರಲಿಲ್ಲ. (ಹನ್ನೊಂದು ವರ್ಷದ ಮನೆ ಹೊಸದು ಹೇಗಾಗುತ್ತದೆ ಎಂದು ಕೇಳಬೇಡಿ. ಅವರು ನೋಡುವವರೆಗೂ ಅದು ಹೊಸದೇ.)

ಭಯಕ್ಕೆ ಕಾರಣ ನಮ್ಮ ಮೆಟ್ಟಿಲು. ಮನೆ ಕಟ್ಟುವಾಗ ಅದರ ಲೆಕ್ಕ ಹಾಕಿದ ಮಹಾನುಭಾವ ನಾನೇ. ಹದಿನೈದು ಮೆಟ್ಟಿಲು, ಒಂದೊಂದೂ ಏಳಿಂಚು ಎತ್ತರ, ಕಾಲಿಡಲು ಹತ್ತಿಂಚು ಅಗಲ. ಎತ್ತರದ ಎರಡರಷ್ಟಕ್ಕೆ ಅಗಲ ಕೂಡಿಸಿದರೆ ಇಪ್ಪತ್ತನಾಲ್ಕು ಬರಬೇಕೆಂಬ ನಿಯಮ ಚಾಚೂ ತಪ್ಪದೆ ಬಂತು. ಕೊನೆಯಲ್ಲಿ ಮೇಸ್ತ್ರಿ, “ಸಾರ್, ನೆಲಕ್ಕೆ ಹಾಕಿದ ಹಾಗೆ ಮೆಟ್ಟಿಲಿಗೂ ಕಲ್ಲು ಹಾಕಿಬಿಡ್ಲಾ?” ಎಂದು ಕೇಳಿದ. “ಬೇಡಪ್ಪಾ, ಕಲ್ಲಿನ ಮೇಲೆ ಕಾಲು ಜಾರುತ್ತೆ. ನಮಗೆ ಸುರಕ್ಷತೆ ಮುಖ್ಯ” ಎಂದೆ. ಕೆಳಗಿನ ನೆಲವೂ ಮೇಲಿನ ನೆಲವೂ ಕಲ್ಲು, ಗಾರೆ ಸೇರಿ ಎರಡೆರಡಿಂಚು ಎದ್ದವು. ಮೆಟ್ಟಿಲು ಮಾತ್ರ ಇದ್ದಲ್ಲೇ ಇತ್ತು. ಹೀಗಾಗಿ ಮೊದಲನೆಯ ಮೆಟ್ಟಿಲು ಐದೇ ಇಂಚಿಗೆ ಕುಗ್ಗಿತು, ಕೊನೆಯದು ಒಂಬತ್ತಕ್ಕೆ ಬೆಳೆಯಿತು. ನಡುವಿನ ಹದಿಮೂರು ಸಜ್ಜನರು.

ಬಂದವರೆಲ್ಲ ಎಡವುತ್ತಿದ್ದರು. ನಮಗೆ ಮಾತ್ರ ಅಭ್ಯಾಸವಾಗಿ ಹೋಗಿತ್ತು. ದಿನವೂ ಒಗೆದ ಬಟ್ಟೆಯ ಬಕೆಟ್ ಹೊತ್ತು ಮಹಡಿಗೆ ಹತ್ತುವ ನಾನು (ಹೌದು, ನಾನೇ, ಇದರಲ್ಲಿ ಆಶ್ಚರ್ಯವೇನಿದೆ?) ಕಣ್ಣು ಮುಚ್ಚಿಕೊಂಡೂ ಹತ್ತಿ ಇಳಿಯಬಲ್ಲವನಾಗಿದ್ದೆ.

ಅಂಥದ್ದರಲ್ಲಿ ಒಂದು ಸೋಮವಾರ ಹೆಂಡತಿ, “ಭಾನುವಾರ ಭಾವ ಬರ್ತಾರಂತೆ ರೀ. ಹಲ್ಲಿನ ಡಾಕ್ಟರ ಹತ್ರ ಕೆಲಸ ಇದೆಯಂತೆ. ಒಂದೇ ದಿನ, ಸಂಜೆ ಹೊರಟುಬಿಡ್ತಾರೆ” ಎಂದಳು.

ನಾನು ಮೆಟ್ಟಿಲಿನತ್ತ ತಿರುಗಿದೆ. “ಹಾಗಾದ್ರೆ ಮೆಟ್ಟಿಲು ಸರಿ ಮಾಡಿಸ್ಬೇಕು.”

“ಅದಕ್ಕೇನಾಗಿದೆ ಈಗ? ಹನ್ನೊಂದು ವರ್ಷದಲ್ಲಿ ಮನೆಯವರು ಒಬ್ಬರಾದ್ರೂ ಬಿದ್ದಿದ್ದಾರಾ?”

“ಬೀಳೋದು ಬಿಡೋದು ಬೇರೆ ವಿಷಯ ಕಣೇ. ಎಲ್ಲಾ ಮೆಟ್ಟಿಲೂ ಒಂದೇ ಎತ್ತರ ಇರ್ಬೇಕು ಅಂತ ನಿಯಮ ಇದೆ.”

“ನಿಯಮ ಹತ್ತೋದಿಲ್ಲ ರೀ, ಹತ್ತೋರು ನಾವು.”

ಇಂಥ ಅಜ್ಞಾನದೊಂದಿಗೆ ವಾದಿಸುವುದು ನನ್ನ ಘನತೆಗೆ ತಕ್ಕದ್ದಲ್ಲವೆಂದು ಅದೇ ಮೇಸ್ತ್ರಿಯನ್ನು ಕರೆಸಿದೆ. ಅವನು ಹನ್ನೊಂದು ವರ್ಷದ ಹಿಂದೆ ಹಾಕುತ್ತೇನೆ ಎಂದಿದ್ದ ಕಲ್ಲನ್ನೇ ಎಲ್ಲ ಮೆಟ್ಟಿಲಿಗೂ ಹಾಕಿದ. ಮೊದಲನೆಯದು ಎರಡಿಂಚು ಏರಿತು, ಕೊನೆಯದು ಎರಡಿಂಚು ಇಳಿಯಿತು. ಎಲ್ಲವೂ ಏಳೇ ಏಳು ಇಂಚು.

ಗಾರೆ ಒಣಗಲೆಂದು ಮೂರು ದಿನ ಯಾರೂ ಹತ್ತಲಿಲ್ಲ. ಶನಿವಾರ ಬೆಳಿಗ್ಗೆ ಮೊದಲು ಹತ್ತಿದವಳು ಮಗಳು. ಕಾಲ್ಬೆರಳು ಮೊದಲ ಮೆಟ್ಟಿಲಿಗೆ ಬಡಿದು “ಅಯ್ಯೋ ಅಪ್ಪಾ!” ಎಂದು ಕೂಗಿದಳು. ಅವಳ ಹಿಂದೆ ಎಚ್ಚರದಿಂದ ಹತ್ತಿ ಹೋದ ಹೆಂಡತಿ ಮೇಲಿಂದ ಇಳಿಯುವಾಗ, ನೆಲ ಬಂತೆಂದು ಎರಡಿಂಚು ಮೊದಲೇ ನಂಬಿ, ಗೋಡೆ ಹಿಡಿದು ಉಳಿದಳು.

“ನಿಯಮದ ಮೆಟ್ಟಿಲು ಮಾಡಿಸಿ ನಮ್ಮನ್ನ ಕೊಲ್ಲೋದಕ್ಕೆ ಹೊರಟಿದ್ದೀರಾ?”

“ತಪ್ಪು ಮೆಟ್ಟಿಲಿಂದಲ್ಲ, ನಿಮ್ಮ ಕಾಲಿಂದು. ಅದಕ್ಕೆ ತರಬೇತಿ ಬೇಕು” ಎಂದೆ. ಮಗಳ ಶಾಲಾದಿನದ ಸೀಟಿಯೊಂದನ್ನು ಹುಡುಕಿ ಬಾಯಿಗಿಟ್ಟುಕೊಂಡು ಕೆಳಗೆ ಕುರ್ಚಿ ಹಾಕಿ ಕೂತೆ. ಸೀಟಿ ಊದಿದರೆ ಹತ್ತಬೇಕು, ಮತ್ತೆ ಊದಿದರೆ ಇಳಿಯಬೇಕು. ತಾಯಿ ಮಗಳು ಗೊಣಗುತ್ತಲೇ ನಲವತ್ತು ಸಲ ಹತ್ತಿ ಇಳಿದರು. ಬಟ್ಟೆಯ ಬಕೆಟ್ಟನ್ನೂ ಅವರ ಕೈಯಲ್ಲೇ ಕಳಿಸಿದೆ. ಮಧ್ಯಾಹ್ನದ ಹೊತ್ತಿಗೆ ಇಬ್ಬರ ಕಾಲೂ ಕಾನೂನುಬದ್ಧವಾದವು. ಮದುವೆಯಾದ ಮೇಲೆ ನಾನು ಹೇಳಿದ ಹಾಗೆ ಹೆಂಡತಿ ನಡೆದದ್ದು ಅದೊಂದೇ ದಿನ. ನನಗೆ ಎಷ್ಟು ಖುಷಿಯಾಯಿತೆಂದರೆ, ಸುಮ್ಮನೆ ಇನ್ನೂ ನಾಲ್ಕು ಸಲ ಊದಿದೆ.

ಭಾನುವಾರ ಷಡ್ಡಕರು ಬಂದರು. ಒಂದು ಕೆನ್ನೆ ಊದಿತ್ತು. ಕುಡಿಯಲು ಕೊಟ್ಟ ನೀರಿನ ಲೋಟ ಕೆಳಗಿಡುವ ಮೊದಲೇ ಟೇಪು ಹೊರಬಂತು. ಒಂದು, ಎರಡು, ಮೂರು... ಹದಿನೈದನ್ನೂ ಅಳೆದರು. ನಾನು ಅವರ ಮೂಗನ್ನೇ ನೋಡುತ್ತಿದ್ದೆ.

“ಭೇಷ್! ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಯಾರ್ರೀ ಇದರ ಲೆಕ್ಕ ಹಾಕಿದ್ದು?”

“ಏನೋ, ನನಗೆ ತಿಳಿದ ಮಟ್ಟಿಗೆ ನಾನೇ...” ಎಂದೆ, ವಿನಯವನ್ನು ಸಾಧ್ಯವಾದಷ್ಟು ಎತ್ತರದ ದನಿಯಲ್ಲಿ. ಹೆಂಡತಿ ಕೆಮ್ಮಿದಳು. ನಾನು ಲೆಕ್ಕಿಸಲಿಲ್ಲ. “ಬನ್ನಿ ಭಾವ, ಮಹಡಿ ತೋರಿಸ್ತೀನಿ” ಎಂದು ಎದೆಯುಬ್ಬಿಸಿ ಮುಂದೆ ಹೊರಟೆ.

ಮೊದಲ ಮೆಟ್ಟಿಲಿಗೇ ಬೆರಳು ಬಡಿಯಿತು. ಬಗ್ಗಿ ಕಲ್ಲಿನ ನುಣುಪು ಪರೀಕ್ಷಿಸಿದಂತೆ ನಟಿಸಿದೆ. ಕೊನೆಯದರಲ್ಲಿ ಒಂಬತ್ತಿಂಚು ಎತ್ತಿದ ಕಾಲು ಗಾಳಿಯನ್ನು ತುಳಿದು ಧೊಪ್ಪೆಂದು ಇಳಿಯಿತು. “ಗಟ್ಟಿ ಇದೆ ನೋಡಿ” ಎಂದೆ. ಮನೆಯಲ್ಲಿ ತರಬೇತಿ ಆಗದಿರುವ ಕಾಲುಗಳು ಎರಡೇ ಎರಡು, ಅವು ತರಬೇತಿ ಕೊಟ್ಟವನವು ಎಂಬುದು ಹೊಳೆದದ್ದು ಆಗಲೇ. ಇಳಿಯುವಾಗ ಎಚ್ಚರವಾಗಿರಬೇಕು ಎಂದುಕೊಂಡೆ. ಆದರೆ ಇನ್ನೊಂದೇ ಮೆಟ್ಟಿಲು ಬಾಕಿ ಎನ್ನುವಾಗ ಷಡ್ಡಕರು, “ನೀವು ನಮ್ಮ ಇಲಾಖೇಲಿ ಇರಬೇಕಿತ್ತು ರೀ” ಎಂದುಬಿಟ್ಟರು. ಹಿಂತಿರುಗಿ ಧನ್ಯವಾದ ಹೇಳುತ್ತಾ ನೆಲವಿರಬೇಕಾದ ಜಾಗದಲ್ಲಿ ಕಾಲಿಟ್ಟೆ. ನೆಲ ಅಲ್ಲಿರಲಿಲ್ಲ.

ಪಾದದ ಮೂಳೆ ಬಿರುಕು ಬಿಟ್ಟಿದೆಯೆಂದು ಡಾಕ್ಟರು ಆರು ವಾರದ ಪ್ಲಾಸ್ಟರ್ ಹಾಕಿದರು. ಷಡ್ಡಕರು ನಗಲೇ ಇಲ್ಲ, ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು. ನನ್ನನ್ನು ಮಗುವಿನಂತೆ ಎತ್ತಿ ಆಟೋದಲ್ಲಿ ಕೂರಿಸಿದರು, ಇಳಿಸಿದರು, ಮಲಗಿಸಿ ಕಾಲ ಕೆಳಗೆ ದಿಂಬಿಟ್ಟರು. ನನ್ನ ಊರುಗೋಲುಗಳನ್ನು ಅಳೆದು, ಎಡಗಡೆಯದು ಕಾಲಿಂಚು ಗಿಡ್ಡವೆಂದು ಪತ್ತೆಹಚ್ಚಿದರು. ಆಮೇಲೆ ಹಜಾರಕ್ಕೆ ಹೋಗಿ ತಮ್ಮ ಹೆಂಡತಿಗೆ ಫೋನ್ ಮಾಡಿದ್ದು ನನಗೆ ಮಲಗಿದಲ್ಲಿಗೇ ಸ್ಪಷ್ಟವಾಗಿ ಕೇಳಿಸಿತು.

“ಇವತ್ತು ಬರೋದಿಲ್ಲ ಕಣೇ. ಆರು ವಾರಕ್ಕಾಗುವಷ್ಟು ಬಟ್ಟೆ ಕಳಿಸು. ಪಾಪ, ಈ ಮನೇಲಿ ಗಂಡಸು ಅಂತ ಯಾರೂ ಇಲ್ಲ.”