ಕೆರೆ ಕಡೆಯ ಕಿಟಕಿಗೆ ಭಾವ ತಂದ ಪರದೆಗಳು

ನಮ್ಮ ಭಾವ ಹೆಣ್ಣು ನೋಡಲು ಹಚ್ಚೊಳ್ಳಿಗೆ ಬಂದ ದಿನ ಮೊದಲು ನೋಡಿದ್ದು ಅಕ್ಕನನ್ನಲ್ಲ, ನಮ್ಮ ಪಡಸಾಲೆಯ ಕರೆಂಟ್ ಮೀಟರನ್ನು. ಅಕ್ಕ ಅವಲಕ್ಕಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರೆ ಈ ಮಹಾರಾಯರು ಗೋಡೆಯತ್ತ ಕತ್ತು ಉದ್ದ ಮಾಡಿ, "ಮನ್ಯಾಗ ಎಲ್ಲಾ ಬಂದ್ ಐತಿ, ಚಕ್ರ ಯಾಕ ತಿರುಗಾಕ ಹತ್ತೈತ್ರಿ?" ಎಂದು ಅಪ್ಪನನ್ನು ಕೇಳಿದರು. ಹುಡುಕಿದರೆ ಹಿತ್ತಲ ಬಚ್ಚಲಲ್ಲಿ ಒಂದು ಬಲ್ಬು ಹಾಡಹಗಲೇ ಉರಿಯುತ್ತಿತ್ತು. ಅಪ್ಪ ಅಲ್ಲೇ ಸಂಬಂಧಕ್ಕೆ ಒಪ್ಪಿಬಿಟ್ಟರು. ಅಕ್ಕನನ್ನು ಯಾರಾದರೂ ಒಂದು ಮಾತು ಕೇಳಿದರೇ? ಕೇಳಿದರು, ಬಲ್ಬು ಆರಿಸಿ ಬಂದ ಮೇಲೆ.

ಮನೆಮನೆಗೆ ಹೋಗಿ ಮೀಟರ್ ಓದುವುದೇ ಭಾವನ ನೌಕರಿ. ಬಳ್ಳಾರಿ, ಕುರುಗೋಡು, ಸಿರುಗುಪ್ಪ ಎಲ್ಲ ಅಲೆದಿದ್ದರು. ದಾರಿಯಲ್ಲಿ ಯಾರಾದರೂ ನಮಸ್ಕಾರ ಹೇಳಿದರೆ ಮುಖ ನೋಡಿ ಗುರುತು ಸಿಗುತ್ತಿರಲಿಲ್ಲ. ಮನೆ ಎಲ್ಲಿ ಎಂದು ಹೇಳಿದ ಕೂಡಲೇ, "ಹಾಂ, ಮೆಟ್ಟಲ ಕೆಳಗ ಮೀಟರ್ ಐತಿ, ಫ್ರಿಜ್ಜಿನ ರಬ್ಬರ್ ಹರದೈತಿ, ಬದಲಾಯಿಸಿದ್ರೋ ಇಲ್ಲೋ?" ಎನ್ನುತ್ತಿದ್ದರು. ಸ್ವಂತ ಮನೆಯಲ್ಲಂತೂ ಅಕ್ಕ ಫ್ಯಾನಿನ ಕೆಳಗೆ ಕೂತರೆ ಕಾರಣ ಹೇಳಬೇಕಿತ್ತು.

ಇಂಥವರು ಕಡೆಗೆ ಸೇರಿದ್ದು ಒಂದು ಗಾಜಿನ ಮನೆಯನ್ನು. ಹೇಗೆ ಎಂದು ನೀವು ಕೇಳಬಹುದು. ಅದು ಗಣಿ ಜೋರಾಗಿದ್ದ ಕಾಲ. ಅದಿರು ತುಂಬಿದ ಕೆಂಪು ಲಾರಿಗಳು ಹಗಲಿರುಳು ಓಡುತ್ತಿದ್ದವು. ಬಾದನಹಟ್ಟಿ ಹತ್ತಿರ ಭಾವನ ಹಿರಿಯರು ಬಿಟ್ಟುಹೋದ ಕಲ್ಲುಭೂಮಿ ಇತ್ತು. ಜಾಲಿ ಬಿಟ್ಟರೆ ಬೇರೇನೂ ಬೆಳೆಯದ ಆ ಭೂಮಿಯನ್ನು ಯಾರೋ ಲಾರಿ ನಿಲ್ಲಿಸಲು ಒಳ್ಳೆ ಬೆಲೆಗೆ ಕೊಂಡುಕೊಂಡರು. ಅದೇ ಹೊತ್ತಿಗೆ ಬಳ್ಳಾರಿಯಲ್ಲಿ ಕೆರೆಯ ದಂಡೆಗೆ ಒಂದು ಅಪಾರ್ಟ್‌ಮೆಂಟ್ ಎದ್ದಿತು. ಕಟ್ಟಿದವನು ಜಾಣ, ಭಾವನನ್ನೂ ಅಕ್ಕನನ್ನೂ ಸಂಜೆ ಹೊತ್ತು ಕರೆದುಕೊಂಡು ಹೋಗಿ ತೋರಿಸಿದ. ಗೋಡೆಯಷ್ಟಗಲ ಕಿಟಕಿ, ಎದುರಿಗೆ ನೀರು, ತಂಪು ಗಾಳಿ. "ಫ್ಯಾನೇ ಬೇಕಾಗಿಲ್ಲ" ಎಂದು ಭಾವ ಖುಷಿಯಿಂದ ಒಪ್ಪಿಕೊಂಡರು.

ಗೃಹಪ್ರವೇಶದ ಮಾರನೆಯ ಬೆಳಿಗ್ಗೆ ಆ ಮನೆಯಲ್ಲಿ ಸೂರ್ಯ ಎರಡು ಸಲ ಹುಟ್ಟಿದ. ಒಮ್ಮೆ ಆಕಾಶದಲ್ಲಿ, ಒಮ್ಮೆ ಕೆರೆಯ ನೀರಿನಲ್ಲಿ. ಇಬ್ಬರೂ ಸೂರ್ಯರು ಕೂಡಿ ನೇರ ಅಕ್ಕನ ಪಡಸಾಲೆಗೇ ಬಂದರು. ಒಳಗೆ ಬಂದ ಬಿಸಿ ನೆಂಟರ ಹಾಗೆ ಕೂತುಬಿಡುತ್ತಿತ್ತು, ಸಂಜೆಯಾದರೂ ಏಳುತ್ತಿರಲಿಲ್ಲ. ಒಂದು ದಿನ ನಾನು ಹೋದಾಗ ಅಕ್ಕ ಕಪ್ಪು ಕನ್ನಡಕ ಹಾಕಿಕೊಂಡು ರೊಟ್ಟಿ ಬಡಿಯುತ್ತಿದ್ದಳು.

ಇಷ್ಟೇ ಆಗಿದ್ದರೆ ಅಕ್ಕ ಸಹಿಸಿಕೊಳ್ಳುತ್ತಿದ್ದಳೇನೋ. ಆದರೆ ಸಿರುಗುಪ್ಪಕ್ಕೆ ಕೊಟ್ಟಿದ್ದ ಅವರ ಒಬ್ಬಳೇ ಮಗಳು ಬಸುರಾದಳು, ದಿನ ತುಂಬುವುದು ನಟ್ಟ ನಡು ಬೇಸಿಗೆಯಲ್ಲಿ. ಬೀಗರದು ಅಕ್ಕಿ ಮಿಲ್ಲು, ಮನೆಯಲ್ಲಿ ಏಸಿ. ಒಂದು ದಿನ ಬೀಗತಿ ಬಂದು ಸೋಫಾದ ತುದಿಯಲ್ಲಿ ಕೂತು, ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಲೇ ಚಹಾ ಕುಡಿದರು. ಹೋಗುವಾಗ ಬಹಳ ಮರ್ಯಾದೆಯಿಂದ ಹೇಳಿದರು: "ಬಾಣಂತನ ನಮ್ಮಲ್ಲೇ ಆಗಲಿ ಬಿಡ್ರಿ. ಈ ಬಿಸಿಯಾಗ ಹಸಗೂಸು ತಡಿಯಂಗಿಲ್ಲ."

ಅಕ್ಕನ ಮುಖ ಅಷ್ಟು ಸಣ್ಣದಾಗಿದ್ದನ್ನು ನಾನು ನೋಡಿರಲಿಲ್ಲ. ಮೊದಲ ಬಾಣಂತನ ತವರಿನದು, ಅದಕ್ಕೆಂದೇ ಹಳೆ ಸೀರೆ ಒಗೆದು ಮಡಿಸಿ, ಕೌದಿ ಹೊಲಿಸಿ ಇಟ್ಟಿದ್ದಳು. ಬೀಗತಿ ಮೆಟ್ಟಿಲು ಇಳಿದದ್ದೇ ತಡ, ಅಕ್ಕ ಭಾವನ ಎದುರು ನಿಂತು, ಏಸಿಯನ್ನಾದರೂ ಹಾಕಿಸಿ, ಸೂರ್ಯನನ್ನಾದರೂ ನಿಲ್ಲಿಸಿ, ಮಗಳು ಮಾತ್ರ ಇಲ್ಲಿಗೇ ಬರಬೇಕು ಎಂದಳು. ಏಸಿ ಹಾಕಿಸುವುದಕ್ಕಿಂತ ಸೂರ್ಯನನ್ನು ನಿಲ್ಲಿಸುವುದೇ ಸುಲಭ ಎಂದು ಭಾವನಿಗೆ ಅನಿಸಿತು. ಬಿಸಿಲನ್ನು ಒಳಗೆ ಕರೆದು ಆಮೇಲೆ ಕರೆಂಟು ಸುಟ್ಟು ಓಡಿಸುವುದು ಹುಚ್ಚರ ಕೆಲಸ, ಬಾಗಿಲಲ್ಲೇ ತಡೆಯಬೇಕು ಎಂದು ನನಗೆ ಅರ್ಧ ತಾಸು ಪಾಠ ಮಾಡಿದರು. ನಾನು ಸಾಲಿ ಟೀಚರು, ಪಾಠ ಕೇಳಿಸಿಕೊಳ್ಳುವ ಅಭ್ಯಾಸ ನನಗಿಲ್ಲ. ಆದರೂ ಅಂಗಡಿಗೆ ಜೊತೆಗೆ ಹೋದೆ.

ಆ ಅಂಗಡಿಯಲ್ಲಿ ಪರದೆ ಎಂಬ ಮಾತೇ ಇಲ್ಲ, ಎಲ್ಲ ಬ್ಲೈಂಡ್ಸು. ಉದ್ದ ಪಟ್ಟಿಯವು, ಅಡ್ಡ ಪಟ್ಟಿಯವು, ಸುತ್ತಿಕೊಳ್ಳುವಂಥವು. ಇದು ಕರೆಂಟು ಉಳಿಸುತ್ತದೆ ಸಾರ್ ಎಂದು ಸೇಲ್ಸ್‌ಮನ್ ಹೇಳಿದ್ದೇ ತಪ್ಪಾಯಿತು. ತಿಂಗಳಿಗೆ ಎಷ್ಟು ಯೂನಿಟ್ಟು ಎಂದು ಭಾವ ಕೇಳಿದರು. ಪಾಪ, ಅವನಿಗೇನು ಗೊತ್ತು? ಭಾವ ಕಿಸೆಯಿಂದ ಜ್ವರ ನೋಡುವ ಥರ್ಮಾಮೀಟರ್ ತೆಗೆದರು. ಅಂಗಡಿಯ ದೊಡ್ಡ ದೀಪದ ಎದುರು ಒಂದೊಂದೇ ಬ್ಲೈಂಡು ಇಳಿಸುವುದು, ಹಿಂದೆ ಥರ್ಮಾಮೀಟರ್ ಹಿಡಿಯುವುದು, ಓದುವುದು, ಜಾಡಿಸುವುದು. ಗಿರಾಕಿಗಳೆಲ್ಲ ಸುತ್ತ ನಿಂತರು. ಒಳಗಿನಿಂದ ಮಾಲೀಕರು ಗಾಬರಿಯಾಗಿ ಬಂದು, "ಯಾರಿಗ್ರಿ ಜ್ವರ?" ಎಂದರು.

"ನಿಮ್ಮ ಅಂಗಡಿ ಮಾಲಿಗೆ," ಎಂದರು ಭಾವ.

ಕೊನೆಗೆ ಕಡಿಮೆ ಜ್ವರ ಇದ್ದದ್ದು ಬಿಳಿ ಅಡ್ಡ ಪಟ್ಟಿಯ ಬ್ಲೈಂಡಿಗೆ. ಅದನ್ನೇ ತಂದು ಹಾಕಿಸಿದರು. ಬಿಳಿಯ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ ಎಂಬುದೇನೋ ನಿಜ. ಆದರೆ ಗಣಿ ಕಾಲದ ಬಳ್ಳಾರಿಯಲ್ಲಿ ಬಿಳಿ ಎಂಬುದು ಬಣ್ಣವಲ್ಲ, ಆಸೆ. ಕಿಟಕಿ ತೆರೆದರೆ ಸಾಕು, ಕೆಂಪು ಧೂಳು ಬಂದು ಪಟ್ಟಿ ಪಟ್ಟಿಯ ಮೇಲೂ ಹಾಸಿಗೆ ಹಾಸುತ್ತಿತ್ತು. ಹದಿನೈದು ದಿನಕ್ಕೆ ಬ್ಲೈಂಡು ಗುಲಾಬಿಯಾಯಿತು, ತಿಂಗಳಿಗೆ ಇಟ್ಟಿಗೆ ಬಣ್ಣವಾಯಿತು. ಪಕ್ಕದ ಮನೆಯಾಕೆ ಬಂದು, ಈ ಬಣ್ಣ ಯಾವ ಅಂಗಡಿಯಲ್ಲಿ ಸಿಕ್ಕಿತು, ತನಗೂ ಇದೇ ಬೇಕು ಎಂದಳು. ಬಿಸಿಲು ಹೆಚ್ಚಿನಂಶ ಹೊರಗೆ ನಿಂತಿತು, ನಿಜ, ಆದರೆ ಅಕ್ಕ ದಿನವಿಡೀ ಪಟ್ಟಿ ಒರೆಸುತ್ತ ಮನೆಯೊಳಗೇ ಬೆವರಿದಳು. ಕೊನೆಗೆ ಬ್ಲೈಂಡು ಬಿಚ್ಚಿಸಿದರು.

ಆಮೇಲೆ ಬಂದದ್ದು ಬೆಳ್ಳಿಯ ಹಾಗೆ ಹೊಳೆಯುವ ಹಾಳೆ. ಅದನ್ನು ಗಾಜಿಗೇ ಅಂಟಿಸಿದರು. ಅಕ್ಕನ ಪಡಸಾಲೆ ನಿಜವಾಗಿಯೂ ಸ್ವಲ್ಪ ತಂಪಾಯಿತು. ಆದರೆ ಬಿಸಿಲು ಎಲ್ಲಿಗಾದರೂ ಹೋಗಬೇಕಲ್ಲ? ಬದಿಯ ಬ್ಲಾಕಿನ ಬಾಲ್ಕನಿಗೆ ಹೋಯಿತು. ಅಲ್ಲಿ ರಿಟೈರಾದ ಹಿರಿಯರೊಬ್ಬರು ನೆರಳಿದೆಯೆಂದು ದಿನಾ ಪೇಪರ್ ಓದುತ್ತ ಕೂರುತ್ತಿದ್ದರು. ಅವರು ತಮ್ಮ ಬೋಳುತಲೆ ಮುಟ್ಟಿಕೊಳ್ಳುತ್ತ ಬಂದು, ಇದನ್ನು ಇವತ್ತೇ ಕೀಳಬೇಕು ಎಂದು ಜಗಳ ತೆಗೆದರು. ಅವರು ಹೋದ ಮೇಲೆ ಅವರ ಹೆಂಡತಿ ಬಂದು, ಬಾಲ್ಕನಿಗೆ ಇದೇ ಮೊದಲ ಸಲ ಬಿಸಿಲು ಬಂದಿದೆ, ಸಂಡಿಗೆ ಹಾಕಿದ್ದೇನೆ, ಒಣಗುವವರೆಗೂ ಕೀಳಬೇಡಿ ಎಂದು ಬೇಡಿಕೊಂಡರು. ಯಾರ ಮಾತು ಕೇಳಬೇಕು? ಭಾವ ಸಂಡಿಗೆ ಒಣಗುವವರೆಗೆ ಹಿರಿಯರಿಗೆ ಸಿಗದೆ ಓಡಾಡಿದರು, ಆಮೇಲೆ ಹಾಳೆ ಕಿತ್ತರು. ನಮಗೆ ಒಂದು ಡಬ್ಬಿ ಸಂಡಿಗೆ ಬಂತು.

ಅಷ್ಟರಲ್ಲಿ ಯುಗಾದಿ ದಾಟಿತ್ತು. ಮಗಳಿಗೆ ದಿನ ಹತ್ತಿರವಾಗುತ್ತಿತ್ತು. ಅಕ್ಕ ಏಸಿಯ ಮಾತು ಬಿಟ್ಟಳು, ಭಾವನ ಜೊತೆ ಮಾತನ್ನೇ ಬಿಟ್ಟಳು. ಮಡಿಸಿಟ್ಟ ಕೌದಿಯನ್ನು ಅಟ್ಟಕ್ಕೆ ಏರಿಸಿದ ದಿನ ಭಾವ ಊಟಕ್ಕೆ ಕೂಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, "ಬಾರವಾ, ಕುರುಗೋಡಿಗೆ ಹೋಗಿ ಬರೂಣು" ಎಂದು ನನ್ನನ್ನು ಕರೆದರು.

ಕುರುಗೋಡಿನಲ್ಲಿ ಬಿದಿರು ಪರದೆ ಹೆಣೆದು ಮಾರುವ ಒಬ್ಬ ಚಾಚಾ ಇದ್ದರು. ಭಾವನನ್ನು ಕಂಡದ್ದೇ ತಡ, ನಮ್ಮ ಮನೆಯ ಟೀವಿ ಬಂದ್ ಮಾಡಿಸಿ ಕ್ರಿಕೆಟ್ ತಪ್ಪಿಸಿದವರು ನೀವೇ ಅಲ್ಲವೇ ಎಂದು ಹಳೆಯದನ್ನು ತೆಗೆದರು. ಭಾವ ಚಾಚಾನ ಮುಖ ಮರೆತಿದ್ದರು, ಮೀಟರ್ ಮರೆತಿರಲಿಲ್ಲ. ಇಬ್ಬರೂ ನಕ್ಕು ಚಹಾ ಕುಡಿದರು. ಕಿಟಕಿಯ ಹೊರಗೇ ಇಳಿಬಿಡುವಂಥ, ಹಿಂದೆ ದಪ್ಪ ಬಟ್ಟೆ ಹೊಲಿದ, ಹಗ್ಗ ಎಳೆದರೆ ಮೇಲೆ ಸುತ್ತಿಕೊಳ್ಳುವ ಪರದೆ ಬೇಕೆಂದು ಭಾವ ಹೇಳಿದರು. ಮನೆಯಲ್ಲಿ ಬಾಣಂತನ ಇದೆ ಎಂದು ನಾನು ಬಾಯಿ ಬಿಟ್ಟ ಮೇಲೆ ಚಾಚಾ ಬೇರೆ ಕೆಲಸ ಬದಿಗಿಟ್ಟು ಮೊದಲು ನಮ್ಮದನ್ನೇ ಹಿಡಿದರು.

ಅದು ಮುಗಿದಾಗ ಬಸ್ಸಿನ ಮೇಲೆ ಹೇರಿಕೊಂಡು ಬಂದೆವು. ಭಾವ ಕಿಟಕಿಯಿಂದ ತಲೆ ಹೊರಗೆ ಹಾಕಿ, ಪರದೆ ಮೇಲೆ ಇದೆಯೋ ಇಲ್ಲವೋ ಎಂದು ನೋಡುತ್ತಲೇ ಇದ್ದರು. ಬಳ್ಳಾರಿಯಲ್ಲಿ ಇಳಿದಾಗ ಮುಖವೆಲ್ಲ ಕೆಂಪು ಧೂಳು, ಹಲ್ಲು ಮಾತ್ರ ಬೆಳ್ಳಗೆ.

ಪರದೆ ಇಳಿಬಿಟ್ಟ ಮೇಲೆ ಬೀಗತಿಯನ್ನು ಮತ್ತೆ ಕರೆಸಿದರು. ಪರೀಕ್ಷೆಗೆ ಬಂದ ಇನ್‌ಸ್ಪೆಕ್ಟರ ಹಾಗೆ ಬಂದು ಅದೇ ಸೋಫಾದ ತುದಿಯಲ್ಲಿ ಕೂತರು. ಅಕ್ಕ ಚಹಾಕ್ಕೆ ಇಟ್ಟಳು. ನಾವೆಲ್ಲ ಅವರ ಸೆರಗನ್ನೇ ನೋಡುತ್ತಿದ್ದೆವು. ಸೆರಗು ಕತ್ತಿಗೆ ಹೋಗಲಿಲ್ಲ. ಬೀಗತಿ ತುದಿಯಿಂದ ನಡುವಿಗೆ ಸರಿದರು, ನಡುವಿನಿಂದ ಹಿಂದಕ್ಕೆ ಒರಗಿದರು. ಅಕ್ಕ ಚಹಾ ತರುವಷ್ಟರಲ್ಲಿ ಸಣ್ಣಗೆ ಗೊರಕೆ ಕೇಳಿಸುತ್ತಿತ್ತು. ಭಾವ ಬೆರಳು ಬಾಯಿಗೆ ಇಟ್ಟು, ಯಾರೂ ಎಬ್ಬಿಸಬೇಡಿ ಎಂದು ಸನ್ನೆ ಮಾಡಿದರು. ಅಕ್ಕ ಎಷ್ಟೋ ದಿನದ ಮೇಲೆ ಅವರ ಮುಖ ನೋಡಿ ನಕ್ಕಳು. ಸಂಜೆ ಕೌದಿ ಅಟ್ಟದಿಂದ ಇಳಿಯಿತು.

ಮಗಳು ಬಂದಳು. ಹೆಣ್ಣು ಕೂಸು ಹುಟ್ಟಿತು. ಆಸ್ಪತ್ರೆಯಿಂದ ಮನೆಗೆ ಬಂದು ಸ್ವಲ್ಪ ದಿನಕ್ಕೆ ಕೂಸಿನ ಮೈ ಕಣ್ಣು ಹಳದಿಯಾದವು. ಡಾಕ್ಟರು ಪರೀಕ್ಷೆ ಮಾಡಿ, ಹಸುಗೂಸಿಗೆ ಸಾಮಾನ್ಯವಾಗಿ ಬರುವ ಕಾಮಾಲೆ, ಹೆದರಬೇಡಿ, ಬೆಳಗಿನ ಎಳೆಬಿಸಿಲಿಗೆ ಸ್ವಲ್ಪ ಹೊತ್ತು ಹಿಡಿಯಿರಿ, ಕಣ್ಣಿಗೆ ಮಾತ್ರ ಬೀಳಬಾರದು, ಮತ್ತೆ ತಂದು ತೋರಿಸಿ ಎಂದರು. ದಾರಿಯುದ್ದಕ್ಕೂ ಭಾವ ಸೂರ್ಯ ಎಲ್ಲಿದ್ದಾನೆಂದು ನೋಡುತ್ತಲೇ ಬಂದರು.

ಬಾಣಂತನಕ್ಕೆಂದು ಅಲ್ಲೇ ಉಳಿದಿದ್ದ ನಾನು ಮರುದಿನ ಎದ್ದಾಗ ಬಿದಿರು ಪರದೆ ಪೂರ್ತಿ ಮೇಲಕ್ಕೆ ಹೋಗಿತ್ತು. ಪಡಸಾಲೆಯ ತುಂಬ ಬಿಸಿಲು. ಭಾವ ಕಿಟಕಿಗೆ ಓರೆಯಾಗಿ ಮಣೆಯ ಮೇಲೆ ಕೂತಿದ್ದರು, ಮಡಿಲಲ್ಲಿ ಕೂಸು. ಹೊಟ್ಟೆ, ಕೈಕಾಲಿನ ಮೇಲೆಲ್ಲ ಬೆಳಕು, ಮುಖದ ಮೇಲೆ ಮಾತ್ರ ಭಾವನ ತಲೆಯ ನೆರಳು. ಸೂರ್ಯ ಚೂರು ಸರಿದರೆ ಅವರೂ ಚೂರು ಸರಿಯುತ್ತಿದ್ದರು. "ತಗೋ ನಮ್ಮವ್ವ," ಎನ್ನುತ್ತಿದ್ದರು ಮೆಲ್ಲಗೆ, "ನಿನಗ ಎಷ್ಟ ಬೇಕೋ ಅಷ್ಟ ತಗೋ."

ಅಂಗಿಯ ಬೆನ್ನು ಬೆವರಿನಿಂದ ಅಂಟಿಕೊಂಡಿತ್ತು. ಅಕ್ಕ ಸದ್ದಿಲ್ಲದೆ ಹೋಗಿ ಫ್ಯಾನಿನ ಸ್ವಿಚ್ಚಿಗೆ ಕೈ ಇಟ್ಟಳು.

"ಬ್ಯಾಡ, ಕೂಸಿಗೆ ಗಾಳಿ ಬಡೀತೈತಿ," ಎಂದರು ಭಾವ, ತಲೆ ಅಲುಗಿಸದೆ.